ಆರು ಸಲ ಓದಿದರೂ ಕಾಣದ ತಪ್ಪು: ನಮ್ಮ ಬರಹದ ಕರಡನ್ನು ನಾವೇ ತಿದ್ದುವುದು ಹೇಗೆ?

ಪ್ರಶ್ನೆ: ರಾಣೆಬೆನ್ನೂರ ಮೊಮ್ಮಗ

ಎಲ್ಲರಿಗೂ ನಮಸ್ಕಾರ.

ಹೋದ ವರ್ಷ ನಮ್ಮ ಅಜ್ಜನ ಬಗ್ಗೆ 96 ಪುಟದ ಒಂದು ಸಣ್ಣ ಪುಸ್ತಕ ಬರೆದೆ. ಮನೆಯವರೆಲ್ಲ ದುಡ್ಡು ಹಾಕಿ 300 ಪ್ರತಿ ಅಚ್ಚು ಮಾಡಿಸಿದೆವು. ಅಜ್ಜ ಹತ್ತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರ ಒಂದು ಖಾತೆ ಪುಸ್ತಕದಲ್ಲೂ ಹೊಡೆದುಹಾಕಿದ ಅಂಕಿ ನಾನು ನೋಡಿಲ್ಲ. ಅಂಥವರ ಪುಸ್ತಕ. ಮನೆಯಲ್ಲಿ ಎಲ್ಲರೂ ಸೇರಿದ್ದ ದಿನ ನೆಂಟರಿಗೆ ಒಂದೊಂದು ಪ್ರತಿ ಕೊಟ್ಟೆವು. ಎಲೆ ಹಾಕುವ ಹೊತ್ತಿಗೆ ಸೋದರತ್ತೆ ಬಂದು 71ನೇ ಪುಟ ತೆರೆದು ನನ್ನ ಮುಂದೆ ಹಿಡಿದರು. ‘ಅಜ್ಜ 1987ರ ಶ್ರಾವಣದಲ್ಲಿ ನಿಧಾನರಾದರು’ ಎಂದಿತ್ತು. ಅತ್ತೆ ಏನೂ ಅನ್ನಲಿಲ್ಲ. ಆ ಪದದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು, ಅಷ್ಟೇ. ಆ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆ ಪುಟವನ್ನು ನಾನು ಆರು ಸಲ ಓದಿದ್ದೆ. ಲೆಕ್ಕ ಇಟ್ಟಿದ್ದೆ, ಆರು ಸಲ. ಆಮೇಲೆ ಕೂತು ಹುಡುಕಿದರೆ ಪುಸ್ತಕದಲ್ಲಿ ಇನ್ನೂ 50ಕ್ಕಿಂತ ಹೆಚ್ಚು ತಪ್ಪು ಸಿಕ್ಕವು.

ಈಗ ಅವ್ವನ ಹಾಡುಗಳ ಪುಸ್ತಕ ಮಾಡುತ್ತಿದ್ದೇನೆ. ಅವ್ವನಿಗೆ 78. ಬೀಸುವ ಪದ, ಸೋಬಾನೆ, ತೊಟ್ಟಿಲ ಪದ ಎಲ್ಲ ಸೇರಿ 43 ಹಾಡು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಫೋನಿನಲ್ಲೇ ಟೈಪ್ ಮಾಡಿದ್ದೇನೆ. ಹೊರಗಿನವರಿಗೆ ದುಡ್ಡು ಕೊಟ್ಟು ತಿದ್ದಿಸಬಹುದು. ಆದರೆ ಅವ್ವನ ಮಾತು ಗೊತ್ತಿಲ್ಲದವರು ಏನನ್ನು ಏನು ಮಾಡಿಬಿಡುತ್ತಾರೋ ಎಂಬ ಭಯ. ಹಾಗಾಗಿ ನಾನೇ ತಿದ್ದಬೇಕು. ನಾನೇ ಬರೆದದ್ದನ್ನು ನಾನೇ ಓದಿದರೆ ತಪ್ಪು ಯಾಕೆ ಕಾಣುವುದಿಲ್ಲ? ಕಾಣುವ ಹಾಗೆ ಮಾಡಿಕೊಳ್ಳುವುದು ಹೇಗೆ? ಈ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಉತ್ತರ: ಕರಡು ತಿದ್ದುತ್ತಿದ್ದಾಕೆ, ಮೈಸೂರು

ನಿಮ್ಮ ಅತ್ತೆಯ ಬೆರಳಿನ ಮಾತು ಓದಿದ ಮೇಲೆ ಸುಮ್ಮನೆ ಮುಂದೆ ಹೋಗಲು ಆಗಲಿಲ್ಲ. 1983ರಿಂದ 2014ರವರೆಗೆ ಇದೇ ನನ್ನ ಕೆಲಸ. ಸ್ವಲ್ಪ ಉದ್ದವಾಗುತ್ತದೆ, ಬಿಡುವು ಮಾಡಿಕೊಂಡು ಓದಿ.

ಮೊದಲು ಒಂದು ಮಾತು. ‘ನಿಧನ’ಕ್ಕೂ ‘ನಿಧಾನ’ಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಇಳಿ, ‘ಧ’ವನ್ನು ‘ಧಾ’ ಮಾಡುವ ಗೆರೆ. ಓದುವಾಗ ಕಣ್ಣು ಸಾಲಿನ ಮೇಲೆ ಒಂದೇ ಸಮ ಹರಿಯುವುದಿಲ್ಲ, ಕುಪ್ಪಳಿಸುತ್ತದೆ. ಒಂದು ಕಡೆ ಸೆಕೆಂಡಿನ ಕಾಲುಭಾಗದಷ್ಟು ನಿಂತು ಮುಂದಕ್ಕೆ ನೆಗೆಯುತ್ತದೆ. ನಡುವೆ ಬಿಟ್ಟುಹೋದದ್ದನ್ನು ಮನಸ್ಸು ತುಂಬಿಕೊಳ್ಳುತ್ತದೆ. ಬೇರೆಯವರ ಬರಹವಾದರೆ ಮನಸ್ಸಿಗೆ ತುಂಬಲು ಕೈಯಲ್ಲಿ ಸಾಮಾನು ಇರುವುದಿಲ್ಲ, ಅದಕ್ಕೇ ಅದು ಕಣ್ಣನ್ನು ವಾಪಸ್ ಕಳಿಸುತ್ತದೆ. ನಿಮ್ಮದೇ ಬರಹದಲ್ಲಿ ಮುಂದಿನ ಪದ ಕಣ್ಣಿಗಿಂತ ಮೊದಲೇ ನಿಮಗೆ ಗೊತ್ತು. ಆರು ಸಲ ಓದಿದಿರಿ ಎಂದಿರಿ. ಆರು ಸಲವೂ ನೀವು ಓದಿದ್ದು ತಲೆಯೊಳಗೆ ಇದ್ದ ಪುಟವನ್ನು. ನಿಮ್ಮ ಶ್ರದ್ಧೆಗೆ ಏನೂ ಕಡಿಮೆ ಆಗಿರಲಿಲ್ಲ ಎಂದು ನಾನು ನಂಬುತ್ತೇನೆ.

ಕನ್ನಡದಲ್ಲಿ ಇದು ಇನ್ನೂ ಹೆಚ್ಚು. ನಮ್ಮ ಅಕ್ಷರದ ಮೈ ಕಣ್ಣಿಗೆ ಬೀಳುತ್ತದೆ. ಮೇಲಿನ ಗುಡಿಸು, ಪಕ್ಕದ ಕೊಂಬು, ಇಳಿ, ಕೆಳಗಿನ ಒತ್ತು ಬೀಳುವುದಿಲ್ಲ. ನನ್ನ 31 ವರ್ಷದಲ್ಲಿ ತಪ್ಪಿಹೋದ ತಪ್ಪುಗಳಲ್ಲಿ ಬಹುಪಾಲು ಈ ಸಣ್ಣ ಅಂಗಗಳಲ್ಲೇ ಇದ್ದವು. ಅದರಲ್ಲೂ ‘ದ್ದ’ ಮತ್ತು ‘ದ್ಧ’. ಪ್ರಸಿದ್ಧ, ವಿರುದ್ಧ, ಅಭಿವೃದ್ಧಿ, ಶುದ್ಧ: ಇವಕ್ಕೆಲ್ಲ ಒತ್ತಿನ ಹೊಟ್ಟೆ ಸೀಳಿರಬೇಕು. ಎದ್ದ, ಬಿದ್ದ, ಮುದ್ದು, ಗದ್ದೆ: ಇವಕ್ಕೆ ಬೇಡ. ಸಂಸ್ಕೃತದಿಂದ ಬಂದದ್ದಕ್ಕೆಲ್ಲ ಮಹಾಪ್ರಾಣ ಎಂದು ಕಣ್ಣು ಮುಚ್ಚಿ ಹಾಕಿದರೆ ‘ಉದ್ದೇಶ’ ಕೆಡುತ್ತದೆ.

ನಾನು ಸೇರಿದಾಗ ಮೊಳೆಯ ಕಾಲ, ಅಂದರೆ ಸೀಸದ ಬಿಡಿ ಅಚ್ಚಕ್ಷರಗಳನ್ನು ಕೈಯಲ್ಲಿ ಜೋಡಿಸಿ ಮುದ್ರಿಸುತ್ತಿದ್ದ ಕಾಲ. ಕರಡು ಓದಲು ಇಬ್ಬರು ಕೂರುತ್ತಿದ್ದೆವು. ಹಿರಿಯರು ಕೈಯಲ್ಲಿ ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದುವುದು, ನಾನು ಕರಡಚ್ಚಿನ ಹಾಳೆಯ ಮೇಲೆ ಸೀಸದಕಡ್ಡಿ ಹಿಡಿದು ನೋಡುವುದು. ಅವರು ಅಲ್ಪವಿರಾಮವನ್ನೂ ‘ಅಲ್ಪ’ ಎಂದು, ಪೂರ್ಣವಿರಾಮವನ್ನು ‘ಪೂರ್ಣ’ ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಹೆಸರು ಬಂದರೆ ಅಕ್ಷರ ಬಿಡಿಸಿ ಓದುತ್ತಿದ್ದರು. ಕೇಳಲು ಕಿವಿ ನೋಯುತ್ತಿತ್ತು. ಆದರೆ ಆ ಓದಿನಲ್ಲಿ ಅರ್ಥ ಕರಗಿಹೋಗುತ್ತಿತ್ತು, ಅದೇ ಬೇಕಿತ್ತು. ನನ್ನ ಕೆಲಸ ಕಥೆ ತಿಳಿಯುವುದಲ್ಲ, ಕಿವಿಗೆ ಬಿದ್ದದ್ದು ಹಾಳೆಯ ಮೇಲೆ ಇದೆಯೇ ಎಂದು ನೋಡುವುದು. ನೀವು ಮಾಡಬೇಕಾದದ್ದೂ ಇದೇ. ಮನೆಯಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ಅಚ್ಚಾದ ಹಾಳೆ ಅವರ ಕೈಯಲ್ಲಿರಲಿ, ಇದ್ದದ್ದನ್ನು ಇದ್ದ ಹಾಗೆ ಅವರು ಓದಲಿ. ನೀವು ಬರೆದವರು, ನಿಮ್ಮ ಕಣ್ಣನ್ನು ಸ್ವಲ್ಪ ಹೊತ್ತು ನಂಬಬೇಡಿ, ಕಿವಿಯನ್ನು ನಂಬಿ.

ಒಬ್ಬರೇ ಓದಲೇಬೇಕಾದಾಗ ನಾನು ಮಾಡುತ್ತಿದ್ದುದು ಹೀಗೆ. ಬರೆದ ಮೇಲೆ ಕನಿಷ್ಠ ಒಂದು ವಾರ ಮುಟ್ಟುವುದಿಲ್ಲ. ಆಮೇಲೆ ಅಕ್ಷರದ ಗಾತ್ರ ಬದಲಿಸಿ, ಬೇರೆ ಫಾಂಟಿನಲ್ಲಿ, ಸಾಲಿನ ನಡುವೆ ಜಾಗ ಬಿಟ್ಟು ಕಾಗದದ ಮೇಲೆ ತೆಗೆಯುತ್ತೇನೆ. ಗಾತ್ರ ಬದಲಾದರೆ ಸಾಲು ಮುರಿಯುವ ಜಾಗ ಬದಲಾಗುತ್ತದೆ. ನಿನ್ನೆಯವರೆಗೆ ಸಾಲಿನ ನಡುವೆ ಅಡಗಿದ್ದ ಪದ ಇವತ್ತು ಸಾಲಿನ ಮೊದಲಿಗೆ ಬಂದು ನಿಲ್ಲುತ್ತದೆ. ಒಂದು ಪೋಸ್ಟ್‌ಕಾರ್ಡ್ ಇಟ್ಟು ಕೆಳಗಿನ ಸಾಲುಗಳನ್ನು ಮುಚ್ಚಿಕೊಳ್ಳಿ. ಗಂಟೆಗೆ ಎಂಟು ಪುಟಕ್ಕಿಂತ ಹೆಚ್ಚು ನಾನು ಎಂದೂ ಓದಿಲ್ಲ. ಊಟವಾದ ಮೇಲಂತೂ ಓದುವುದೇ ಇಲ್ಲ.

ಇನ್ನು, ಎಲ್ಲವನ್ನೂ ಒಂದೇ ಓದಿನಲ್ಲಿ ಹಿಡಿಯಲು ಹೋಗಬೇಡಿ. ಒಂದು ಓದು ಬರೀ ಹೆಸರು, ಇಸವಿ, ಅಂಕಿಗೆ. ಇದನ್ನು ಯಾಕೆ ಮೊದಲು ಹೇಳುತ್ತೇನೆಂದರೆ ನನ್ನ ತಮ್ಮನ ಲಗ್ನಪತ್ರಿಕೆಯನ್ನು ಬರೆದವಳೂ ನಾನೇ, ಕರಡು ನೋಡಿದವಳೂ ನಾನೇ. ಒಂದು ಒತ್ತೂ ತಪ್ಪಿರಲಿಲ್ಲ. ತಾರೀಖು ಸರಿ, ವಾರ ತಪ್ಪು. ಸೋಮವಾರ ಬರುವ ತಾರೀಖಿನ ಪಕ್ಕ ಭಾನುವಾರ ಎಂದಿತ್ತು. ಹಂಚುವ ಮೊದಲು ಅಮ್ಮನ ಕಣ್ಣಿಗೆ ಬಿತ್ತು. 200 ಪತ್ರಿಕೆ ಮತ್ತೆ ಅಚ್ಚಾಯಿತು, ಖರ್ಚು ನನ್ನ ಸಂಬಳದಲ್ಲಿ ಹೋಯಿತು. ಅವತ್ತಿನಿಂದ ವಾರ, ತಾರೀಖು ಎಲ್ಲಿ ಜೊತೆಗೆ ಬಂದರೂ ಕ್ಯಾಲೆಂಡರ್ ತೆಗೆಯದೆ ನಾನು ಮುಂದೆ ಹೋಗುವುದಿಲ್ಲ. ಅಜ್ಜನಿಗೆ ಒಂದು ಪುಟದಲ್ಲಿ 1912ರಲ್ಲಿ ಹುಟ್ಟಿದರು ಎಂದು ಬರೆದು, ಇನ್ನೊಂದು ಪುಟದಲ್ಲಿ 1930ರಲ್ಲಿ ಅವರಿಗೆ 16 ವರ್ಷ ಎಂದು ಬರೆದಿದ್ದರೆ ಅಕ್ಷರ ನೋಡುವ ಕಣ್ಣಿಗೆ ಅದು ಸಿಕ್ಕುವುದೇ ಇಲ್ಲ.

ಇನ್ನೊಂದು ಓದು ಬರೀ ವಾಕ್ಯದ ಬಾಲಕ್ಕೆ. ನಮ್ಮ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ಅಲ್ಲಿಗೆ ಹೋಗುವಷ್ಟರಲ್ಲಿ ಬರೆಯುವವರಿಗೆ ಕರ್ತೃ ಮರೆತಿರುತ್ತದೆ. ‘ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗರು, ಸಂತೆಯ ದಿನ ಬೆಳಗಿನ ಜಾವ ಗಾಡಿ ಕಟ್ಟಿ, ಅಂಡಿಗೆಗಳನ್ನು ಏರಿಸಿ ಹೊರಡುತ್ತಿತ್ತು’: ಇಂಥದ್ದು ಒಳ್ಳೆಯ ಬರಹಗಾರರಲ್ಲೂ ಸಿಗುತ್ತದೆ. ಪ್ರತಿ ಪೂರ್ಣವಿರಾಮದಿಂದ ಹಿಂದಕ್ಕೆ ನಡೆದು ಯಾರು, ಎಷ್ಟು ಜನ ಎಂದು ಕೇಳಿ. ‘ಪುಸ್ತಕಗಳು ಇದೆ’ ಎಂಬುದೂ ಆಗಲೇ ಸಿಗುತ್ತದೆ.

ಮೂರನೆಯದು ಅಕ್ಷರಕ್ಕೆ. ಇದನ್ನು ಪುಟದ ಕೊನೆಯ ಸಾಲಿನಿಂದ ಮೇಲಕ್ಕೆ ಓದಿ. ಅರ್ಥದ ಎಳೆ ತುಂಡಾದರೆ ಅಕ್ಷರ ತಾನಾಗಿ ಎದ್ದು ನಿಲ್ಲುತ್ತದೆ.

ತಲೆಬರಹ ಓದುವುದನ್ನು ಎಲ್ಲರೂ ಮರೆಯುತ್ತಾರೆ. ಮುಖಪುಟ, ಅಧ್ಯಾಯದ ಹೆಸರು, ಫೋಟೊ ಕೆಳಗಿನ ಸಾಲು. ಅಕ್ಷರ ದೊಡ್ಡದಾದಷ್ಟೂ ಅದನ್ನು ಯಾರೂ ಓದುವುದಿಲ್ಲ, ನೋಡುತ್ತಾರೆ ಅಷ್ಟೆ. ಇನ್ನೊಂದು: ಒಂದು ತಪ್ಪು ಸಿಕ್ಕ ಕೂಡಲೇ ಅದೇ ಸಾಲನ್ನು ಮತ್ತೆ ಓದಿ. ಒಂದನ್ನು ಹಿಡಿದ ಸಮಾಧಾನದಲ್ಲಿ ಕಣ್ಣು ಪಕ್ಕದ್ದನ್ನು ಬಿಟ್ಟು ಹಾರುತ್ತದೆ.

ಕೊನೆಗೆ, ಇದು ಎಲ್ಲಕ್ಕಿಂತ ಮುಖ್ಯ ಎಂದು ನನಗೆ ಅನಿಸುತ್ತದೆ. ತಿದ್ದಿದ ಜಾಗವೇ ಹೊಸ ತಪ್ಪು ಹುಟ್ಟುವ ಜಾಗ. ಮೊಳೆಯ ಕಾಲದಲ್ಲಿ ನಾನು ಒಂದು ಅಕ್ಷರಕ್ಕೆ ಗುರುತು ಹಾಕಿದರೆ ಮೊಳೆ ಜೋಡಿಸುವ ಕಂಪೋಸಿಟರ್ ಆ ಸಾಲನ್ನು ಸಡಿಲಿಸಿ ಮೊಳೆ ಕೀಳಬೇಕು. ಹೊಸ ಮೊಳೆ ಅಗಲವಾಗಿದ್ದರೆ ಸಾಲಿನ ಕೊನೆಯ ಪದ ಕೆಳಗಿನ ಸಾಲಿಗೆ ಇಳಿಯುತ್ತದೆ, ಅಲ್ಲಿಯ ಪದ ಅದರ ಕೆಳಗಿನದಕ್ಕೆ. ಈ ಗದ್ದಲದಲ್ಲಿ ಒಂದು ಒತ್ತು ಬಿದ್ದುಹೋಗಿರುತ್ತದೆ, ಇಲ್ಲ ಒಂದು ಮೊಳೆ ತಲೆಕೆಳಗಾಗಿರುತ್ತದೆ. ಅದಕ್ಕೇ ಎರಡನೇ ಕರಡಿನಲ್ಲಿ ತಿದ್ದಿದ ಪದವನ್ನಷ್ಟೇ ನೋಡಿ ಸಹಿ ಹಾಕುವಂತಿರಲಿಲ್ಲ. ಆ ಸಾಲು, ಮೇಲಿನ ಸಾಲು, ಕೆಳಗಿನ ಸಾಲು, ಮೂರನ್ನೂ ಓದಬೇಕಿತ್ತು.

ಈಗ ಮೊಳೆ ಇಲ್ಲ, ಆದರೆ ‘ಹುಡುಕಿ ಬದಲಿಸು’ ಇದೆ. ನಿವೃತ್ತಿಯ ನಂತರ ಪರಿಚಯದವರೊಬ್ಬರು ತಮ್ಮ ತಂದೆಯ ಬಗ್ಗೆ ಬರೆದ ಜೀವನಚರಿತ್ರೆಯೊಂದು ನನ್ನ ಕೈಗೆ ಬಂತು. ‘ಮಗ’ ಎನ್ನುವುದಕ್ಕಿಂತ ‘ಪುತ್ರ’ ಗೌರವ ಎಂದು ಅವರು ಇಡೀ ಪುಸ್ತಕದಲ್ಲಿ ಒಮ್ಮೆಗೇ ಬದಲಿಸಿದ್ದರು. ‘ಮಗಳು’ ಹೋಗಿ ‘ಪುತ್ರಳು’ ಆಗಿತ್ತು, ‘ಮಗು’ ಹೋಗಿ ‘ಪುತ್ರು’. ‘ನಮಗೆ’ ಎಂಬುದು ‘ನಪುತ್ರೆ’ ಆಗಿತ್ತು. ‘ಕಾಮಗಾರಿ’ಯ ಒಳಗೂ ಒಬ್ಬ ಪುತ್ರ ಹೊಕ್ಕಿದ್ದ. ಸರಿಮಾಡಲು ನಾಲ್ಕು ದಿನ ಹಿಡಿಯಿತು. ಆ ಮನುಷ್ಯರಿಗೆ ತಮ್ಮ ತಂದೆಯ ಮೇಲೆ ಎಷ್ಟು ಪ್ರೀತಿ ಇತ್ತೆಂದು ನಾನು ಬಲ್ಲೆ. ದಯವಿಟ್ಟು ಒಂದೊಂದಾಗಿ ನೋಡಿ ಬದಲಿಸಿ.

ಹಳೆಯ ಪುಸ್ತಕವನ್ನು ಎಸೆಯಬೇಡಿ. ಒಂದು ಪ್ರತಿ ತೆಗೆದುಕೊಂಡು ಸಿಕ್ಕ ತಪ್ಪುಗಳಿಗೆಲ್ಲ ಕೆಂಪು ಗೆರೆ ಎಳೆದು, ನೋಟ್‌ಬುಕ್ಕಿನಲ್ಲಿ ಜಾತಿವಾರು ಬರೆದುಕೊಳ್ಳಿ. ಇಳಿ ಬಿಟ್ಟದ್ದು ಎಷ್ಟು, ‘ಲ’-‘ಳ’ ಎಷ್ಟು, ಪದ ಬಿಟ್ಟದ್ದು ಎಷ್ಟು. ನಾಲ್ಕೈದು ಜಾತಿಗಿಂತ ಹೆಚ್ಚು ಇರಲಾರವು. ಅವು ನಿಮ್ಮ ಕೈಯ ತಪ್ಪುಗಳು. ಎರಡನೇ ಪುಸ್ತಕದಲ್ಲೂ ಅವೇ ಬರುತ್ತವೆ.

ಉತ್ತರ: ಶಿರಸಿ, ಸಾಫ್ಟ್‌ವೇರ್ ಕೆಲಸ

ಮೇಡಂ ಹೇಳಿದ ಮೇಲೆ ನನ್ನದು ಎರಡೇ ಮಾತು.

ಟೈಪ್ ಮಾಡುವಾಗ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಬಿದ್ದಿರುತ್ತದೆ. ‘ಸಂತೆ’, ‘ಸ೦ತೆ’: ಎರಡನೆಯದರಲ್ಲಿರುವುದು ಸೊನ್ನೆ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರಿಗೆ ಬೇರೆ. ನಿಮ್ಮ ಕಡತದಲ್ಲಿ ಕನ್ನಡ ಸೊನ್ನೆಯನ್ನು ಹುಡುಕಿ. ನೀವು ಇಸವಿ, ಸಂಖ್ಯೆಗಳನ್ನು 1, 2, 3 ಎಂದು ಬರೆಯುವವರಾದರೆ ಸಿಕ್ಕ ಕನ್ನಡ ಸೊನ್ನೆಯೆಲ್ಲ ತಪ್ಪೇ. ಹಳೆಯ ‘ನುಡಿ’ ಫಾಂಟಿನಿಂದ ಯುನಿಕೋಡಿಗೆ (ಈಗಿನ ಫೋನು, ಕಂಪ್ಯೂಟರುಗಳು ಬಳಸುವ ಅಕ್ಷರ ವ್ಯವಸ್ಥೆಗೆ) ಬದಲಿಸಿದ ಪುಟಗಳಿದ್ದರೆ, ನಡುವೆ ಇಂಗ್ಲಿಷ್ ಪದ ಇದ್ದ ಕಡೆಯೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರ ಬಂದಿರಬಹುದು, ಅಲ್ಲೂ ನೋಡಿ.

ಎರಡನೆಯದು, ಓದಲು ಜೊತೆಗೆ ಯಾರೂ ಇಲ್ಲದ ದಿನ ಫೋನಿನ ಕೈಲೇ ಓದಿಸಿ. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್‌ನ ಕನ್ನಡ ದನಿ ಇದೆ. ಅದಕ್ಕೆ ನಿಮ್ಮ ಅಜ್ಜ ಗೊತ್ತಿಲ್ಲ, ‘ನಿಧಾನರಾದರು’ ಎಂದಿದ್ದರೆ ‘ನಿಧಾನರಾದರು’ ಎಂದೇ ಓದುತ್ತದೆ. ಬಿಟ್ಟುಹೋದ ಪದ, ಎರಡು ಸಲ ಬಂದ ಪದ ಕೂಡಲೇ ಕಿವಿಗೆ ಹೊಡೆಯುತ್ತವೆ. ಆದರೆ ‘ಶ’-‘ಷ’, ‘ದ್ದ’-‘ದ್ಧ’ ಕಿವಿಗೆ ಸಿಗುವುದಿಲ್ಲ. ಅವಕ್ಕೆ ಕಣ್ಣೇ ಬೇಕು.

ಸ್ಪೆಲ್‌ಚೆಕ್ ನಂಬಿ ಕೂರಬೇಡಿ. ‘ನಿಧಾನ’ ನಿಘಂಟಿನಲ್ಲಿರುವ ಪದ, ಅದರ ಕೆಳಗೆ ಕೆಂಪು ಗೆರೆ ಬರುವುದಿಲ್ಲ. ‘ಹೋಗಬೇಕಾಗಿದ್ದವರಿಗೂ’ ಎಂಬಂಥ ಸರಿಯಾದ ಪದದ ಕೆಳಗೆ ಬರುತ್ತದೆ.

ಉತ್ತರ: ಧಾರವಾಡದ ಕನ್ನಡ ಟೀಚರ್

ನಮಸ್ಕಾರ್ರಿ. ಅವ್ವನ ಪದದಾಗ ಯಾವುದು ತಪ್ಪು, ಯಾವುದು ಅವ್ವನ ಮಾತು ಅನ್ನೂದನ್ನ ಮೊದಲ ಕುಂತು ತೀರ್ಮಾನ ಮಾಡ್ಕೋರಿ. ಇಲ್ಲಾಂದ್ರ ತಿದ್ದಿದಷ್ಟೂ ಕೆಡತೈತಿ. ‘ಜೋಳ’ಕ್ಕ ಅವ್ವ ‘ಜ್ವಾಳ’ ಅಂದಿರತಾಳ, ‘ತೋಟ’ಕ್ಕ ‘ತ್ವಾಟ’, ‘ಹುಣ್ಣಿಮೆ’ಗೆ ‘ಹುಣ್ಣಿವಿ’, ‘ಮನೆ’ಗೆ ‘ಮನಿ’. ಅವು ಯಾವೂ ತಪ್ಪಲ್ಲ. ಆದರ ಒಂದು ಹಾಡಿನಾಗ ‘ಮನಿ’, ಮುಂದಿನ ಹಾಡಿನಾಗ ‘ಮನೆ’ ಅಂತ ಬಂದಿದ್ರ ಅದು ಅವ್ವನದೂ ಅಲ್ಲ, ಪುಸ್ತಕದ್ದೂ ಅಲ್ಲ, ನಿಮ್ಮ ಕೈಯಿಂದ ಬಂದದ್ದು. ಒಂದು ಹಾಳಿ ಮ್ಯಾಲ ಅಕಾರಾದಿಯಾಗಿ ಪಟ್ಟಿ ಮಾಡ್ರಿ: ಈ ಪದ ಪುಸ್ತಕದ ತುಂಬ ಹಿಂಗ ಬರತೈತಿ ಅಂತ. ತಿದ್ದುವಾಗ ಅದು ಪಕ್ಕದಾಗ ಇರಲಿ.

ಅವ್ವನ ಹಳೇ ಮಾತು ಗುರುತು ಸಿಗದಿದ್ರ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ನೋಡ್ರಿ. 1894ರಾಗ ಮಂಗಳೂರಾಗ ಅಚ್ಚಾದದ್ದು, ಆದರ ನಮ್ಮ ಸೀಮಿ ಮಾತಿಗೆ ಅದರಾಗ ಬ್ಯಾರೇನ ಗುರುತು ಹಾಕ್ಯಾರ. ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟೂ ಐತಿ. ಎರಡರಾಗೂ ಇಲ್ಲಾಂದ್ರ? ಅಂಥಾ ಪದಾನ ಮುದ್ದಾಂ ಉಳಿಸಬೇಕ್ರಿ. ಕೆಳಗ ಅರ್ಥ ಬರೀರಿ, ‘ಶುದ್ಧ’ ಮಾಡಾಕ ಹೋಗಬ್ಯಾಡ್ರಿ.

ಪ್ರಶ್ನೆ ಕೇಳಿದವರು: ರಾಣೆಬೆನ್ನೂರ ಮೊಮ್ಮಗ

ಮೂರೂ ಜನರಿಗೆ ಕೈಮುಗಿದು ನಮಸ್ಕಾರ. ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಮೇಡಂ ಹೇಳಿದಂತೆ ಹಳೆಯ ಪುಸ್ತಕದ ತಪ್ಪುಗಳನ್ನು ಜಾತಿವಾರು ಬರೆದೆ. ಒಟ್ಟು 58. ಅದರಲ್ಲಿ 31 ಇಳಿ, ದೀರ್ಘಗಳದ್ದೇ. ಬೇಗ ಟೈಪ್ ಮಾಡುವಾಗ ನನ್ನ ಹೆಬ್ಬೆರಳು ಅಲ್ಲೇ ಜಾರುತ್ತದೆ ಎಂದು ಈಗ ಗೊತ್ತಾಯಿತು.

ಹಾಡುಗಳನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಅಕ್ಕನ ಕೈಗೆ ಕೊಟ್ಟೆ. ಅವಳು ಓದುವುದು, ನಾನು ಕಿವಿಗೆ ರೆಕಾರ್ಡಿಂಗ್ ಹಾಕಿಕೊಂಡು ಸಾಲು ಸಾಲಿಗೆ ನಿಲ್ಲಿಸಿ ಕೇಳುವುದು. ಎರಡನೇ ಹಾಡಿನಲ್ಲೇ ಅಕ್ಕ ನಿಂತಳು. ‘ಕಲ್ಲಾಗ ಜ್ವಾಲೆ ಸುರಿದು’ ಎಂದಿತ್ತು. ಅವ್ವ ಹಾಡಿದ್ದು ‘ಜ್ವಾಳ’. ಫೋನು ತಾನಾಗಿ ‘ಜ್ವಾಲೆ’ ಮಾಡಿತ್ತು, ನಾನು ಒಪ್ಪಿಕೊಂಡು ಮುಂದೆ ಹೋಗಿದ್ದೆ. ಬೀಸುವ ಕಲ್ಲಿಗೆ ಬೆಂಕಿ ಸುರಿದ ಹಾಗಾಗಿತ್ತು. ಅದೇ ತಪ್ಪು ಇನ್ನೂ ಎರಡು ಕಡೆ ಇತ್ತು. ಅದಕ್ಕಿಂತ ನೋವಾದದ್ದು ಇನ್ನೊಂದು. ‘ಹುಣ್ಣಿಮೆ’ ಎಂದು ಅಕ್ಕ ಓದಿದಾಗ ಅವ್ವ ಅಡಿಗೆಮನೆಯಿಂದ ‘ಹುಣ್ಣಿವಿ’ ಎಂದು ತಿದ್ದಿದಳು. ಅದು ಫೋನಿನ ಕೆಲಸ ಅಲ್ಲ. ಶಾಲೆಯಲ್ಲಿ ಕಲಿತದ್ದು ನನ್ನ ಕೈಯಿಂದ ತಾನೇ ಬರೆಸಿಕೊಂಡಿತ್ತು. ಹುಡುಕಿದರೆ ಅಂಥವು 43 ಹಾಡಿನಲ್ಲಿ 100ಕ್ಕಿಂತ ಹೆಚ್ಚು. ಈಗ ಒಂದೊಂದಾಗಿ ವಾಪಸ್ ತರುತ್ತಿದ್ದೇನೆ, ಪಟ್ಟಿ ಮೂರು ಹಾಳೆ ತುಂಬಿದೆ.

ಅವ್ವ ಈಗ ಅಡಿಗೆಮನೆಯಲ್ಲಿ ಇರುವುದಿಲ್ಲ, ನಮ್ಮ ಜೊತೆಗೇ ಕೂರುತ್ತಾಳೆ. ಅದರಿಂದ ಒಂದು ಹೊಸ ತೊಡಕು. ರೆಕಾರ್ಡಿಂಗಿನಲ್ಲಿ ‘ಬಂದಾಳ’ ಎಂದು ಹಾಡಿದ್ದಾಳೆ, ಈಗ ಕೇಳಿದರೆ ‘ಬರತಾಳ’ ಅನ್ನುತ್ತಾಳೆ. ಎರಡೂ ಅವ್ವನದೇ. ಯಾವುದನ್ನು ಅಚ್ಚು ಹಾಕಲಿ?

ಉತ್ತರ: ಕರಡು ತಿದ್ದುತ್ತಿದ್ದಾಕೆ, ಮೈಸೂರು

ರೆಕಾರ್ಡಿಂಗ್ ನಿಮ್ಮ ಹಸ್ತಪ್ರತಿ. ಮೇಲೆ ಅದರಲ್ಲಿದ್ದದ್ದೇ ಇರಲಿ. ಈಗ ಹೇಳಿದ್ದನ್ನು ಅದೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ, ಹೇಳಿದ ತಾರೀಖಿನೊಂದಿಗೆ ಹಾಕಿ. ಇದನ್ನು ತಿದ್ದಿದ ಮೇಲೆ ಆ ಸಾಲು, ಮೇಲಿನ ಸಾಲು, ಕೆಳಗಿನ ಸಾಲು ಮತ್ತೊಮ್ಮೆ ಅಕ್ಕನ ಕೈಲಿ ಓದಿಸಿ.

ಪ್ರಶ್ನೆ ಕೇಳಿದವರು: ರಾಣೆಬೆನ್ನೂರ ಮೊಮ್ಮಗ

ಆಗಲಿ ಮೇಡಂ. ಭಾನುವಾರ ಅಕ್ಕ ಬರುತ್ತಾಳೆ, 12ನೇ ಹಾಡಿನಿಂದ ಶುರು ಮಾಡುತ್ತೇವೆ. ಅತ್ತೆಯನ್ನೂ ಕರೆದಿದ್ದೇನೆ.